ಗೆರೆಯ ಬದಿಯಲ್ಲಿ ಕೂತು ಹೇಳಿದ ಸುಳ್ಳು

ನನ್ನ ಪುಳ್ಳಿ ಕಬಡ್ಡಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮಗಳ ಮಗಳು, ಒಂಬತ್ತನೇ ಕ್ಲಾಸು. ಈ ಸುದ್ದಿಯನ್ನು ನಾನು ಸಿದ್ಧಕಟ್ಟೆಯ ಮೀನಿನವನಿಗೆ ಹೇಳಿದ್ದೇನೆ, ಬಸ್ಸಿನ ಕಂಡಕ್ಟರನಿಗೆ ಹೇಳಿದ್ದೇನೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಸಾಲು ನಿಂತವರಿಗೆಲ್ಲ ಹೇಳಿದ್ದೇನೆ. ಒಬ್ಬರಿಗೆ ಎರಡು ಸಲ ಹೇಳಿದ್ದೂ ಉಂಟು. ಹೇಳುವಾಗ ಎದೆ ತುಂಬಿ ಬರುತ್ತದೆ. ಹೇಳಿ ಮುಗಿದ ಮೇಲೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಆಗುತ್ತದೆ. ಆ ಮುಳ್ಳಿನ ವಿಷಯ ಯಾರಿಗೂ ಹೇಳಿಲ್ಲ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಬಾಯಲ್ಲಿ ಹೇಳಲಿಕ್ಕೆ ಆಗದ್ದು ಬರೆಯಲಿಕ್ಕಾದರೂ ಆಗುತ್ತದೋ ನೋಡುವ ಎಂದು ಅವಳದ್ದೇ ಹಳೆಯ ನೋಟು ಪುಸ್ತಕ ತೆಗೆದುಕೊಂಡು ಕೂತಿದ್ದೇನೆ.

ನಮ್ಮ ಮನೆಯಲ್ಲಿ ಮೂವರು, ನಾನು, ಮಗಳು, ಪುಳ್ಳಿ. ನಾನು ಟಿವಿಯ ಎದುರು ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವಳು. ಎಲೆ ಸುರುಟುವುದು, ಬಾಯಿ ಮಡಚುವುದು, ನೂಲು ಸುತ್ತುವುದು, ಎಲ್ಲ ಕೈಗೆ ಗೊತ್ತು. ಕಣ್ಣಿಗೆ ಕೆಲಸ ಇಲ್ಲದ ಕಾರಣ ಕಣ್ಣು ಟಿವಿಯಲ್ಲಿ. ಧಾರಾವಾಹಿ ನನಗೆ ಆಗಿಬರುವುದಿಲ್ಲ. ಕಬಡ್ಡಿ ಬೇಕು, ಅದು ಇಲ್ಲದಿದ್ದರೆ ಕ್ರಿಕೆಟ್, ಅದೂ ಇಲ್ಲದಿದ್ದರೆ ಓಟವೋ ವಾಲಿಬಾಲೋ ಯಾವುದಾದರೂ ಆದೀತು.

ಆಟದ ಸುದ್ದಿ ನೋಡಿ ಬೈಯುವುದು ನನಗೆ ಊಟದ ಉಪ್ಪಿನಕಾಯಿ ಇದ್ದ ಹಾಗೆ. ಈಚೆಗಂತೂ ಬೈಯಲಿಕ್ಕೆ ಬೇಕಾದಷ್ಟು ಸಿಗುತ್ತದೆ. ಪಂದ್ಯ ಮುಗಿದ ಮೇಲೆ ಎದುರಿನವರ ಕೈ ಕುಲುಕದೆ ಬೆನ್ನು ತಿರುಗಿಸಿ ಹೋಗುತ್ತಾರೆ. ಸೋತವರನ್ನು ಅಣಕಿಸಿ ಕುಣಿಯುತ್ತಾರೆ. ಓಟಗಾರ್ತಿಯೊಬ್ಬಳು ಏನೋ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದು, ಅದು ಜ್ವರದ ಕಷಾಯದಲ್ಲಿತ್ತು ಎಂದಳಂತೆ. ನಾನೂ ಬದುಕಿಡೀ ಕಷಾಯ ಕುಡಿದವಳು, ಒಂದು ದಿನವೂ ಅಷ್ಟು ವೇಗ ಬರಲಿಲ್ಲ. ನಮ್ಮ ಕಡೆಯ ಕಂಬಳದಲ್ಲೂ ಈಗ ಯಾರು ಮುಂದೆ ಬಂದದ್ದೆಂದು ಗಂಟೆಗಟ್ಟಲೆ ಜಗಳ. ಓಡಿದ ಕೋಣಗಳು ಏದುಸಿರು ಬಿಡುತ್ತಾ ಮರ್ಯಾದೆಯಲ್ಲಿ ನಿಂತಿರುತ್ತವೆ, ಮನುಷ್ಯರು ಹಾಯಲಿಕ್ಕೆ ಹೋಗುತ್ತಾರೆ.

ಒಬ್ಬ ಕಬಡ್ಡಿ ಆಟಗಾರನನ್ನು ಮಾತ್ರ ನಾನು ಯಾವತ್ತೂ ಬೈದವಳಲ್ಲ. ಅವನ ಮೊಣಕಾಲು ಮುರಿದಾಗ ಧರ್ಮಸ್ಥಳಕ್ಕೆ ಹರಕೆ ಹೇಳಿ, ಅವನು ಪುನಃ ಆಡಿದ ಮೇಲೆ ಹೋಗಿ ತೀರಿಸಿ ಬಂದಿದ್ದೆ. ಅವನಿಗೆ ನಾನು ಯಾರೆಂದೇ ಗೊತ್ತಿಲ್ಲ. ಅವನು ಕಳೆದ ಸೀಸನ್ನಿನಲ್ಲಿ ಅಂಪಾಯರನ್ನು ಎದೆಗೆ ಕೈ ಕೊಟ್ಟು ದೂಡಿದ. ಆಮೇಲೆ ಯಾರೋ ಬರೆದುಕೊಟ್ಟ ಕಾಗದ ನೋಡಿ ತಪ್ಪಾಯಿತೆಂದು ಓದಿದ, ಓದುತ್ತಾ ನಕ್ಕ. ನಾನು ಏನು ಹೇಳಿದೆ ಗೊತ್ತುಂಟೋ? "ಪಾಪ, ಬಿಸಿರಕ್ತ" ಎಂದೆ. ಪುಳ್ಳಿ ಪಕ್ಕದಲ್ಲೇ ಕೂತು ಚಕ್ಕುಲಿ ತಿನ್ನುತ್ತಿದ್ದಳು. "ಬೇರೆಯವರು ಮಾಡಿದ್ದಿದ್ದರೆ ಬಿಡ್ತಿದ್ರಾ ಅಜ್ಜಿ ನೀವು?" ಎಂದು ಕೇಳಿದಳು. ನಾನು ಬೀಡಿ ಎಣಿಸುವವಳ ಹಾಗೆ ಮಾಡಿದೆ.

ನನ್ನ ಈ ಬಾಯಿಗೆ ಊರಿನಲ್ಲಿ ಒಂದು ಬೆಲೆ ಇತ್ತು. ಅದಕ್ಕೆ ಕಾರಣ ನನ್ನ ಗಂಡ. ಅವರೂ ಕಬಡ್ಡಿಯವರೇ. ಆಗ ಕೆಮರಾ ಇರಲಿಲ್ಲ. ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು ಆಡುವುದು. ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ಸಂಶಯ ಬಂದರೆ ಅಂಪಾಯರು ಗೆರೆಯ ಬದಿಯಲ್ಲಿ ಕೂತವರಲ್ಲಿ ಒಬ್ಬರನ್ನು ಕೇಳುತ್ತಿದ್ದರು, ಅವರು ಹೇಳಿದ್ದೇ ಸೈ. ಒಂದು ಸಲ ಫೈನಲಿನಲ್ಲಿ ನನ್ನ ಗಂಡನ ಕಾಲು ಗೆರೆ ದಾಟಿತೋ ಇಲ್ಲವೋ ಎಂದು ಸಂಶಯ ಬಂದು ನನ್ನನ್ನು ಕೇಳಿದರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ದಾಟಿದೆ ಎಂದೆ. ಅವರ ತಂಡ ಸೋತಿತು. ಎರಡು ದಿನ ನನ್ನ ಕೈಯ ಗಂಜಿ ಮುಟ್ಟಲಿಲ್ಲ ಪುಣ್ಯಾತ್ಮ, ಮೂರನೇ ದಿನ ಬಂಗುಡೆ ಸಾರಿನ ಪರಿಮಳಕ್ಕೆ ತಾನೇ ಎಲೆ ಹಾಕಿಕೊಂಡು ಕೂತರು. ಅಂದಿನಿಂದ ನಾನು ಗಂಡನನ್ನೇ ಔಟ್ ಕೊಟ್ಟವಳು. ಅವರು ತೀರಿಕೊಂಡ ಮೇಲೂ ಎಲ್ಲಿ ಆಟ ಇದ್ದರೂ ನನಗೆ ಗೆರೆಯ ಹತ್ತಿರ ಒಂದು ಕುರ್ಚಿ ಇಡುತ್ತಿದ್ದರು.

ಮುಳ್ಳು ಸಿಕ್ಕಿಕೊಂಡ ಆ ದಿನ ಬೆಳ್ತಂಗಡಿಯಲ್ಲೂ ಇಟ್ಟಿದ್ದರು. ಹೈಸ್ಕೂಲು ಹುಡುಗಿಯರ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದವರನ್ನು ಜಿಲ್ಲೆಗೆ ಆರಿಸುವವರು ಶಾಮಿಯಾನದ ಕೆಳಗೆ ಪುಸ್ತಕ ಹಿಡಿದು ಕೂತಿದ್ದರು. ಬೆಳಿಗ್ಗೆ ಎರಡು ಬಸ್ಸು ಬದಲಿಸಿ ನಾನು ಹೋಗಿ ತಲುಪಿದ್ದೆ. ನಮ್ಮ ಪುಳ್ಳಿ ಎಡಗಡೆಯ ಕಾರ್ನರಿನಲ್ಲಿ, ಸರಿ ನನ್ನ ಎದುರು. ಅವಳ ಆಟ ಹೇಗೆಂದು ಹೇಳಲಿ. ಕೊಕ್ಕರೆ ಮೀನಿಗೆ ನಿಂತ ಹಾಗೆ ನಿಲ್ಲುತ್ತಾಳೆ, ಇವಳು ಇದ್ದಾಳೆಂದೇ ಎದುರಿನವರಿಗೆ ಮರೆತುಹೋಗಬೇಕು. ಆಮೇಲೆ ಒಂದೇ ಬೀಳುವಿಕೆ, ಕಾಲು ಅವಳ ಕೈಯಲ್ಲಿ. ನಾಲ್ಕು ಜನರನ್ನು ಹಾಗೆ ಹಿಡಿದಳು. ಪ್ರತಿ ಸಲ ನಾನು ಪಕ್ಕದವರಿಗೆ "ನನ್ನ ಪುಳ್ಳಿ" ಎಂದೆ. "ಗೊತ್ತಾಯ್ತು ಅಜ್ಜಿ, ಆಗದಿಂದ ಹೇಳ್ತಾ ಇದ್ದೀರಿ" ಎಂದು ಅವರು ನಕ್ಕರು.

ಕೊನೆಗೆ ನಮ್ಮವರಿಗೆ ಒಂದು ಪಾಯಿಂಟ್ ಹೆಚ್ಚು, ಉಳಿದದ್ದು ಒಂದೇ ರೈಡ್. ಬಂದವಳು ಕೊಕ್ಕಡ ಕಡೆಯ ಶಾಲೆಯ ಹುಡುಗಿ. ಸಪುರ, ಕಡ್ಡಿಯಂಥ ಮೈ, ತಲೆಗೆ ಕಪ್ಪು ಬಟ್ಟೆ ಬಿಗಿಯಾಗಿ ಕಟ್ಟಿಕೊಂಡ, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳ ಮಗು. ಅವಳು ಯಾರನ್ನಾದರೂ ಮುಟ್ಟಿ ಹಿಂದೆ ಹೋದರೆ ಎರಡೂ ತಂಡ ಸಮ, ಆಟ ಮುಂದುವರಿಯಬೇಕು. ಆಚೆ ಈಚೆ ಆಡಿ, ಇದ್ದಕ್ಕಿದ್ದ ಹಾಗೆ ನಮ್ಮ ಮೂಲೆಗೆ ಕಾಲು ಚಾಚಿದಳು. ಅವಳ ಕಾಲಿನ ಬೆರಳು ಪುಳ್ಳಿಯ ಕಾಲಿನ ಗಂಟಿಗೆ ತಾಗಿತು. ತಾಗಿದ್ದು ಕಂಡಿತು, ತಾಗಿದಲ್ಲಿ ಕೆಂಪು ಧೂಳು ಒಂದು ಬೆರಳಷ್ಟು ಅಳಿಸಿಹೋದದ್ದೂ ಕಂಡಿತು. ಆ ಹುಡುಗಿ ಓಡಿಹೋಗಿ ತನ್ನ ಬದಿಯಲ್ಲಿ ನಿಂತು, ಮುಟ್ಟಿದೆ ಎಂದು ಎರಡೂ ಕೈ ಎತ್ತಿದಳು.

ಅಂಪಾಯರು ಬೇರೆ ಬದಿಯಲ್ಲಿದ್ದರು. ನಮ್ಮ ಕಡೆಯವರೇ, ಹಳೆಯ ಪಿ.ಟಿ. ಮಾಸ್ಟ್ರು, ನನ್ನ ಗಂಡನ ಆಟ ನೋಡಿ ದೊಡ್ಡವರಾದವರು. ಅವರಿಗೆ ಸಂಶಯ. ಆಚೆ ನೋಡಿದರು, ಈಚೆ ನೋಡಿದರು, ಕೊನೆಗೆ ಹಳೆಯ ಕ್ರಮದಲ್ಲಿ ನನ್ನ ಹತ್ತಿರ ಬಂದರು.

"ಅಜ್ಜಿ, ನಿಮ್ಮ ಎದುರೇ ಆದದ್ದು. ತಾಗಿತಾ?"

ಪುಳ್ಳಿ ನನ್ನನ್ನೇ ನೋಡುತ್ತಿದ್ದಳು. ಅವಳ ಬಲಗೈ ಸೊಂಟದಿಂದ ಎದ್ದು ಎದೆಯವರೆಗೆ ಬಂದಿತ್ತು. ಇನ್ನು ಒಂದು ಗೇಣು ಎದ್ದರೆ ಅವಳೇ ಒಪ್ಪಿಕೊಂಡ ಹಾಗೆ. ನಾನು ಶಾಮಿಯಾನದ ಕಡೆ ನೋಡಿದೆ, ಪುಸ್ತಕದವರೂ ನೋಡುತ್ತಿದ್ದರು.

"ಕಾಣಲಿಲ್ಲ ಮಾಸ್ಟ್ರೇ" ಎಂದೆ. "ಕಣ್ಣು ಈಗ ಮಂಜು."

ಆ ಕೈ ಕೆಳಗೆ ಇಳಿಯಿತು.

ಮಾಸ್ಟ್ರು ಸೀಟಿ ಊದಿದರು, ನಾವು ಗೆದ್ದೆವು. ಮಕ್ಕಳು ಅವಳನ್ನು ಎತ್ತಿ ಕುಣಿಸಿದರು. ನಾನೂ ಚಪ್ಪಾಳೆ ಹೊಡೆದೆ, ಕಣ್ಣಲ್ಲಿ ನೀರು ಬಂದದ್ದೂ ಸತ್ಯ, ಅದರಲ್ಲಿ ಸಂತೋಷ ಇದ್ದದ್ದೂ ಸತ್ಯ. ಆಮೇಲೆ ನಳ್ಳಿಯ ಹತ್ತಿರ ಮುಖ ತೊಳೆಯಲಿಕ್ಕೆ ಹೋದಾಗ ಆ ಕಪ್ಪು ಬಟ್ಟೆಯ ಹುಡುಗಿ ಮೊಣಕೈಯ ಗಾಯ ತೊಳೆಯುತ್ತಿದ್ದಳು. ಅತ್ತದ್ದು ಮುಖದಲ್ಲಿ ಗೊತ್ತಾಗುತ್ತಿತ್ತು. ನನ್ನನ್ನು ಕಂಡು ಬದಿಗೆ ಸರಿದು, ನನ್ನ ಕೈ ಹಿಡಿದಳು.

"ಮೆಲ್ಲ ಬನ್ನಿ ಅಜ್ಜಿ, ಇಲ್ಲಿ ಮೆಟ್ಟಿಲು ಉಂಟು. ನಿಮಗೆ ಕಾಣುದಿಲ್ಲ ಅಲ್ಲವಾ."

ಎರಡು ಮೆಟ್ಟಿಲು. ಕುರುಡಿಯನ್ನು ಇಳಿಸಿದ ಹಾಗೆ ಇಳಿಸಿದಳು. ನಾನೂ ಕುರುಡಿಯ ಹಾಗೆಯೇ ಕಾಲಿನಲ್ಲಿ ತಡವಿ ತಡವಿ ಇಳಿದೆ.

ಊರಿಗೆ ಬರುವಷ್ಟರಲ್ಲಿ ಆ ಮಾತು ನನಗಿಂತ ಮುಂದೆ ಓಡಿತ್ತು. ಬ್ರಾಂಚಿನಲ್ಲಿ ನನ್ನ ಪಕ್ಕದ ಮನೆಯವಳು, ನಾಲಿಗೆಯಲ್ಲಿ ಕತ್ತರಿ ಇಟ್ಟುಕೊಂಡವಳು, ನನ್ನ ಬೀಡಿಯ ಕಟ್ಟು ಎತ್ತಿ ತಿರುಗಿಸಿ ನೋಡಿ, "ಇಷ್ಟು ಸಪುರದ ನೂಲು ಕಾಣ್ತದೆ, ಅಷ್ಟು ದೊಡ್ಡ ಕಾಲು ಕಾಣಲಿಲ್ಲವಾ ಮಾರಾಯ್ತಿ" ಎಂದಳು. ಸುತ್ತಲಿನವರು ನಕ್ಕರು. "ನೂಲು ಹತ್ತಿರ, ಕಾಲು ದೂರ" ಎಂದೆ. ಬಾಯಿ ಇರುವವಳಿಗೆ ಉತ್ತರಕ್ಕೆ ಬರಗಾಲ ಇಲ್ಲ ನೋಡಿ.

ಆದರೆ ಪುಳ್ಳಿ ನಗಲಿಲ್ಲ. ಅಜ್ಜಿಗೆ ಕಣ್ಣು ಮಂಜು, ಡಾಕ್ಟರಿಗೆ ತೋರಿಸಬೇಕು ಎಂದು ತಾಯಿಯ ಹಿಂದೆ ಬಿದ್ದಳು. ನಾನು ಬೇಡ ಎಂದಷ್ಟೂ ಅವಳು ಬಿಡಲಿಲ್ಲ. ನನಗೆ ಎಲೆ ಕತ್ತರಿಸಿ ಕೊಡಲಿಕ್ಕೆ ಶುರು ಮಾಡಿದಳು. ಅಂಗಳಕ್ಕೆ ಇಳಿದರೆ ಹಿಂದೆಯೇ ಬರುತ್ತಿದ್ದಳು. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವಳೇ ನನ್ನನ್ನು ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ಕಣ್ಣು ಮುಚ್ಚಿ ಗೋಡೆಯ ಅಕ್ಷರ ಓದಿಸುತ್ತಾರೆ. ಮೇಲೆ ದೊಡ್ಡದು, ಕೆಳಗೆ ಹೋದ ಹಾಗೆ ಸಣ್ಣದು. ಪುಳ್ಳಿ ನನ್ನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಮೊದಲ ಸಾಲು ಓದಿದೆ. ಎರಡನೆಯದು ಓದಿದೆ. ಅವಳ ಕಡೆ ನೋಡಿದರೆ, ಎರಡೂ ಮುಷ್ಟಿ ಬಿಗಿ ಹಿಡಿದು ನಿಂತಿದ್ದಾಳೆ. ಮೊದಲು ನಾನು ಎಲ್ಲ ಸರಿ ಓದಲಿ ಎಂದು ಹಾಗೆ ನಿಂತದ್ದೆಂದು ತಿಳಿದೆ. ಮೂರನೇ ಸಾಲು ಓದಿದಾಗ ಅವಳ ಮುಖ ಸಪ್ಪೆಯಾಯಿತು. ಆಗ ನನಗೆ ಗೊತ್ತಾಯಿತು. ನನಗೆ ಕಾಣಬಾರದು ಎಂದು ಮಗು ಬೇಡಿಕೊಳ್ಳುತ್ತಿತ್ತು. ಅಜ್ಜಿಗೆ ಕಣ್ಣು ಹೋಗಿದ್ದರೆ ಅಜ್ಜಿ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ.

ಇನ್ನು ಎರಡು ಸಾಲು ಉಳಿದಿದ್ದವು. ಕಾಣುವುದಿಲ್ಲ ಎಂದರೆ ಮುಗಿಯಿತು, ಒಂದು ಕನ್ನಡಕ ಕೊಡುತ್ತಿದ್ದರು. ನಾಲ್ಕನೇ ಕ್ಲಾಸಿನವಳು, ಅಕ್ಷರ ಮರೆತಿದೆ ಎಂದರೂ ಯಾರಾದರೂ ನಂಬುತ್ತಿದ್ದರು. ಆದರೆ ಮತ್ತೊಮ್ಮೆ ಆ ಮಗುವಿನ ಎದುರು ಅದೇ ಸುಳ್ಳು ಹೇಳಲಿಕ್ಕೆ ನಾಲಿಗೆ ಏಳಲಿಲ್ಲ. ಕೊನೆಯ ಸಾಲಿನವರೆಗೆ, ಅದರ ಕಡೆಯ ಸಣ್ಣ ಅಕ್ಷರದವರೆಗೆ ಓದಿದೆ.

"ನಿಮ್ಮ ವಯಸ್ಸಿಗೆ ಇದು ಭಾಗ್ಯ ಅಜ್ಜಿ" ಎಂದರು ಡಾಕ್ಟರು. "ಸಣ್ಣ ಮಕ್ಕಳ ಕಣ್ಣು ನಿಮ್ಮದು."

ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಳು. ನಾನು ಕಟ್ಟಿಸಿಕೊಂಡು ಬಂದ ಗೋಳಿಬಜೆಯ ಪೊಟ್ಟಣ ಬಿಚ್ಚಿ ಹಿಡಿದರೂ ಮುಟ್ಟಲಿಲ್ಲ. ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು.

"ನಿಮಗೆ ಕಂಡಿತ್ತಲ್ಲ ಅಜ್ಜಿ?"

"ಕಂಡಿತ್ತು ಮಗಾ."

"ನನಗೆ ತಾಗಿದ್ದು ಗೊತ್ತಾಗಿತ್ತು. ಕೈ ಎತ್ತುವಾಂತ ಇದ್ದೆ. ನೀವು ಕಾಣಲಿಲ್ಲ ಅಂದ್ರಲ್ಲ, ಅಜ್ಜಿಗೇ ಕಾಣದಿದ್ದರೆ ತಾಗಲೇ ಇಲ್ಲವೋ ಏನೋ ಅಂತ ಮಾಡಿದೆ."

ಅವಳೇ ಪುನಃ, "ಸೋಮವಾರ ಮಾಸ್ಟ್ರಿಗೆ ಹೇಳುವನಾ? ನಾನು ಹೇಳ್ತೇನೆ, ನೀವು ಜೊತೆಗೆ ಬಂದರೆ ಸಾಕು" ಎಂದಳು.

ಇಲ್ಲಿ ನಾನು ಹೌದು ಎಂದೆ ಎಂದು ಬರೆಯಬೇಕಿತ್ತು. ಬರೆಯಲಿಕ್ಕೆ ಆಗುವುದಿಲ್ಲ. ಡಾಕ್ಟರ ಹತ್ತಿರ ಇದ್ದ ಧೈರ್ಯ ಬಸ್ಸಿನಲ್ಲಿ ಇರಲಿಲ್ಲ. ಅವಳ ಹೆಸರು ಜಿಲ್ಲೆಯ ಪಟ್ಟಿಯಲ್ಲಿ ಬಂದಾಗಿತ್ತು. ಹೊಸ ಜರ್ಸಿಯ ಅಳತೆ ತೆಗೆದಾಗಿತ್ತು. ನಾನು ಊರಿಡೀ ಡಂಗುರ ಹೊಡೆದಾಗಿತ್ತು. ಹೇಳಿದರೆ ಹೆಸರು ತೆಗೆಯುತ್ತಾರೋ ಏನೋ, ಗಂಡನನ್ನೇ ಔಟ್ ಕೊಟ್ಟವಳನ್ನು ನೋಡಿ ಮಾಸ್ಟ್ರು ಏನು ಗ್ರಹಿಸುತ್ತಾರೋ, ಎಲ್ಲ ಒಟ್ಟಿಗೆ ಬಂತು.

"ಈಗ ಹೇಳಿ ಎಂತ ಮಾಡುದು ಮಗಾ" ಎಂದೆ. "ಆದದ್ದು ಆಯ್ತು. ನೀನು ಹೇಗೂ ಚೆನ್ನಾಗಿಯೇ ಆಡಿದ್ದೆ."

ಅವಳು ಭುಜ ಕುಣಿಸಿದಳು. "ಸರಿ" ಎಂದಳು. ಗೋಳಿಬಜೆ ತೆಗೆದುಕೊಂಡು ತಿಂದಳು. ಜಗಳ ಆಡಿದ್ದರೆ ಒಳ್ಳೆಯದಿತ್ತು. ಅತ್ತಿದ್ದರೂ ಸಮಾಧಾನ ಮಾಡಬಹುದಿತ್ತು. ಅಷ್ಟು ಸುಲಭದಲ್ಲಿ ಆ ಮಗುವಿನ ಬಾಯಿಂದ 'ಸರಿ' ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಈಗ ಟಿವಿ ಹಾಕಿದರೆ ಆಟದ ಸುದ್ದಿ ಬರುತ್ತದೆ. ಒಬ್ಬ ಚೆಂಡು ಮುಟ್ಟಿದ್ದನ್ನು ಮುಟ್ಟಲಿಲ್ಲ ಎನ್ನುತ್ತಾನೆ, ಇನ್ನೊಬ್ಬ ಬೀಳದೆಯೇ ಬಿದ್ದು ಹೊರಳಾಡುತ್ತಾನೆ. ಅವರಿಗೂ ಎಲ್ಲೋ ಒಬ್ಬಳು ಅಜ್ಜಿ ಇದ್ದಾಳು ಎಂದು ನಾನು ನೂಲು ಸುತ್ತುತ್ತಾ ಕೂರುತ್ತೇನೆ. ಪಕ್ಕದ ಮನೆಯವಳು ಬೇಲಿಯ ಆಚೆಯಿಂದ, "ಎಂತ, ಇವತ್ತು ಯಾರಿಗೂ ಬೈಗುಳ ಇಲ್ಲವಾ? ಜ್ವರವಾ?" ಎಂದು ಕೇಳುತ್ತಾಳೆ. ಗಂಟಲು ಸರಿ ಇಲ್ಲ ಎನ್ನುತ್ತೇನೆ. ಅದೂ ಒಂದು ಸುಳ್ಳೇ.

ಪುಳ್ಳಿ ದಿನಾ ಅಭ್ಯಾಸಕ್ಕೆ ಹೋಗುತ್ತಾಳೆ. ಹಸಿದು ಬಂದು ಕುಚ್ಚಲಕ್ಕಿ ಅನ್ನ ಎರಡೆರಡು ಸಲ ಹಾಕಿಸಿಕೊಳ್ಳುತ್ತಾಳೆ. ಕಾಲಿನ ಮಾಂಸಖಂಡ ಬಾಳೆಯ ಹೂವಿನ ಹಾಗೆ ಗಟ್ಟಿಯಾಗಿದೆ, ನೋಡಿದರೆ ನನ್ನ ದೃಷ್ಟಿಯೇ ತಾಗೀತೆಂದು ಮುಖ ತಿರುಗಿಸುತ್ತೇನೆ. ನಿನ್ನೆ ಹೊಸ ಜರ್ಸಿ ಬಂತು. ಹಾಕಿಕೊಂಡು ನನ್ನ ಎದುರು ಒಂದು ಸುತ್ತು ತಿರುಗಿದಳು. ಮುಟ್ಟಿ ನೋಡಲಿಕ್ಕೆ ಏಳುವಾಗ ಮಡಿಲಿನ ಹೊಗೆಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು.

"ನಾಡಿದ್ದು ಜಿಲ್ಲಾ ಮ್ಯಾಚಿಗೆ ಬರ್ತೀರಲ್ಲ ಅಜ್ಜಿ?"

"ಬಾರದೆ ಇರ್ತೇನಾ? ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೇನೆ."

ಅವಳು ಚೆಲ್ಲಿದ್ದನ್ನು ಮೊರಕ್ಕೆ ಬಾಚಿ ತುಂಬುತ್ತಾ, ತಲೆ ಎತ್ತದೆ ಹೇಳಿದಳು.

"ಗೆರೆಯ ಹತ್ತಿರ ಕುರ್ಚಿ ಇಟ್ಟರೂ ಕೂರ್ಬೇಡಿ. ಮೇಲೆ ಗ್ಯಾಲರಿಯಲ್ಲಿ ಕೂತ್ಕೊಳ್ಳಿ, ಹಿಂದೆ."

"ಆಯಿತು ಮಗಾ" ಎಂದೆ.