ಮಧ್ಯಾಹ್ನದ ಮಂಜುಗಡ್ಡೆ

ಊರಿನ ಮಕ್ಕಳು ಅವಳಿಗಿಟ್ಟ ಹೆಸರು ಕತ್ತಲಮ್ಮ. ಹತ್ತೊಂಬತ್ತು ವರ್ಷದಿಂದ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಬೇಸಿಗೆಯ ಸಂಜೆ ಏಳಕ್ಕೆ ಊರಿನ ಫ್ಯಾನು, ಎ.ಸಿ., ದೀಪಗಳೆಲ್ಲ ಒಟ್ಟಿಗೇ ಎದ್ದು ಕೂತರೆ ಟ್ರಾನ್ಸ್‌ಫಾರ್ಮರ್ ಉಸಿರುಕಟ್ಟಿದಂತೆ ಗುಂಯ್‌ಗುಡುತ್ತಿತ್ತು. ಆಗ ಯಾವುದಾದರೂ ಬಡಾವಣೆಯ ಕರೆಂಟು ತೆಗೆಯಲೇಬೇಕು. ಯಾರೂ ಬೆರಳು ತೋರಿಸಬಾರದೆಂದು ಅವಳು ಮೊದಲು ತೆಗೆಯುತ್ತಿದ್ದುದು ತಾನೇ ವಾಸವಿದ್ದ ಬಡಾವಣೆಯದು. ಪಕ್ಕದ ಮನೆಯಲ್ಲೇ ಇದ್ದ ಅಕ್ಕ ಬೀಸಣಿಗೆ ಹಿಡಿದುಕೊಂಡೇ ಫೋನ್ ಮಾಡುತ್ತಿದ್ದಳು.

"ಒಡಹುಟ್ಟಿದವಳು ಅನ್ನೋ ಕರುಣೆನೂ ಇಲ್ವೇನೇ ನಿಂಗೆ? ನಿಮ್ಮ ಭಾವ ಬನಿಯನ್ ಹಿಂಡ್ಕೊಂಡು ಕೂತಿದಾರೆ!"

ಸಂಜೆಯ ಬೈಗುಳ ಅವಳಿಗೆ ಅಭ್ಯಾಸವಾಗಿತ್ತು. ಹೊಟ್ಟೆ ಉರಿಸುತ್ತಿದ್ದುದು ಮಧ್ಯಾಹ್ನ. ಊರಾಚೆಯ ಬಯಲಲ್ಲಿ ಸೋಲಾರ್ ಫಲಕಗಳು ಬಿಸಿಲು ಹೀರಿ ಕರೆಂಟು ಸುರಿಯುವ ಹೊತ್ತಿಗೆ ಸರಿಯಾಗಿ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತಿತ್ತು: "ಜಾಸ್ತಿ ಆಯ್ತು, ಬಳಸೋರಿಲ್ಲ. ಸೋಲಾರ್ ಕಡಿಮೆ ಮಾಡಿಸಿ." ಮಧ್ಯಾಹ್ನ ಬಿಸಿಲಿನ ಕರೆಂಟನ್ನು ಬೇಡವೆನ್ನುವುದು, ಸಂಜೆ ಕಲ್ಲಿದ್ದಲು ಸುಟ್ಟ ಕರೆಂಟಿಗೆ ಬಾಯಿ ಬಿಡುವುದು. ಹೊಗೆ ಹೆಚ್ಚಿದಷ್ಟೂ ಬೇಸಿಗೆಯ ಕಾವು, ಕಾವು ಹೆಚ್ಚಿದಷ್ಟೂ ಎ.ಸಿ.ಗಳು. ತನ್ನ ಹಳೆಯ ಲಾಗ್‌ಪುಸ್ತಕಗಳನ್ನು ತಿರುವಿದರೆ ಸಂಜೆಯ ಲೋಡು ವರ್ಷವರ್ಷವೂ ಮೇಲೇರಿದ್ದು ಅವಳದೇ ಅಕ್ಷರದಲ್ಲಿ ಕಣ್ಣಿಗೆ ರಾಚುತ್ತಿತ್ತು.

ಒಂದು ಭಾನುವಾರ ಭಾವನ ಐಸ್ ಫ್ಯಾಕ್ಟರಿಗೆ ಊಟದ ಡಬ್ಬಿ ಕೊಡಲು ಹೋದಾಗ ಆ ಯೋಚನೆ ಹೊಳೆಯಿತು. ನೆಲದೊಳಗೆ ಕೋಣೆಯಷ್ಟು ದೊಡ್ಡ ತೊಟ್ಟಿ, ತುಂಬ ಬೇಗ ಹೆಪ್ಪುಗಟ್ಟದ ಉಪ್ಪುನೀರು. ಅದರಲ್ಲಿ ಮುಳುಗಿದ ತಗಡಿನ ಡಬ್ಬಗಳೊಳಗೆ ನೀರು ಗಡ್ಡೆಗಟ್ಟುತ್ತಿತ್ತು. ಪಕ್ಕದಲ್ಲಿ ಅದನ್ನು ತಣ್ಣಗಿಡುವ ಕಂಪ್ರೆಸರ್ ಹಗಲೂ ರಾತ್ರಿ ಧಡಧಡ.

"ಭಾವ, ಇದನ್ನ ಸಂಜೆ ಒಂದು ಮೂರು ಗಂಟೆ ಹೊತ್ತು ನಿಲ್ಲಿಸಿದ್ರೆ ಏನಾಗುತ್ತೆ?"

"ಏನಾಗುತ್ತೆ? ಐಸ್ ಬದಲು ಶರಬತ್ತು ಮಾರ್ಬೇಕಾಗುತ್ತೆ! ನಮ್ಮನೆ ದೀಪ ತೆಗೆದಿದ್ದು ಸಾಲ್ದೇನಮ್ಮ?"

"ಮಧ್ಯಾಹ್ನ ಇನ್ನಷ್ಟು ಜೋರಾಗಿ ಓಡ್ಸಿ, ತೊಟ್ಟೀನ ಮಾಮೂಲಿಗಿಂತ ತಣ್ಣಗೆ ಮಾಡ್ಕೊಳ್ಳಿ. ಆ ಚಳಿ ಎಲ್ಲಿಗೂ ಓಡಿಹೋಗಲ್ಲ. ನೋಡೇಬಿಡೋಣ."

ಮುಂದಿನ ವಾರದ ರಜೆಯಂದು ಅವಳು ಐದೂವರೆಯಿಂದ ಎಂಟೂವರೆಯವರೆಗೆ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಕಾಲು ಗಂಟೆಗೊಮ್ಮೆ ಥರ್ಮಾಮೀಟರ್ ಇಳಿಬಿಟ್ಟು ಬರೆದಳು. ಕಂಪ್ರೆಸರ್ ನಿಲ್ಲಿಸುವಾಗ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಮೂರು ಗಂಟೆ ಕಳೆದ ಮೇಲೂ ಒಂಬತ್ತು ಡಿಗ್ರಿ ಕೆಳಗೆ. ಭಾವ ಒಂದು ಗಡ್ಡೆ ಎತ್ತಿಸಿ, ಬೆರಳಿನಿಂದ ಟಕಟಕ ಬಡಿದು ನೋಡಿದ. ಕಲ್ಲಿನಂತಿತ್ತು. ಅವನ ಹುಬ್ಬು ಮೇಲೇರಿತು. ಅವಳಂತೂ ಕುಣಿಯುವುದೊಂದು ಬಾಕಿ.

ಮರುದಿನ ಆ ಹಾಳೆ ಹಿಡಿದು ಸೀದಾ ಇಂಜಿನಿಯರ್ ಸಾಹೇಬರ ಮುಂದೆ ನಿಂತು, ಕಲ್ಲಿದ್ದಲಿನ ಹೊಗೆ, ಬೇಸಿಗೆಯ ಕಾವು ಎಲ್ಲ ಹೇಳಿದಳು.

"ಐಸ್ ಫ್ಯಾಕ್ಟರಿಯಿಂದ ಭೂಮಿ ತಣ್ಣಗಾಗುತ್ತೇನಮ್ಮ?" ಎಂದು ಸಾಹೇಬರು ನಕ್ಕರು.

"ಒಂದರಿಂದ ಆಗಲ್ಲ ಸಾರ್. ಮೀನಿನ ಕೋಲ್ಡ್ ಸ್ಟೋರೇಜು, ನೀರಿನ ಟ್ಯಾಂಕಿನ ಪಂಪು, ಹಿಟ್ಟಿನ ಗಿರಣಿ, ಎಲ್ಲಾನೂ ಮಧ್ಯಾಹ್ನಕ್ಕೆ ತನ್ನಿ. ಎಸೆಯೋ ಬಿಸಿಲೂ ಉಳಿಯುತ್ತೆ, ಸಂಜೆ ಕಲ್ಲಿದ್ದಲೂ ಉಳಿಯುತ್ತೆ. ಒಂದು ತಿಂಗಳು ಬಿಟ್ಟು ನೋಡಿ."

ಸಾಹೇಬರ ನಗು ನಿಂತಿತು. ಹಾಳೆಯನ್ನು ಎರಡು ಸಲ ಓದಿ ಅನುಮತಿ ಬರೆದುಕೊಟ್ಟರು. ಕೋಲ್ಡ್ ಸ್ಟೋರೇಜಿನವರು ಭಾವನ ಗಡ್ಡೆ ಬಡಿದು ನೋಡಿಯೇ ಒಪ್ಪಿದರು. ಗಿರಣಿಯವನು ಮಾತ್ರ "ಮಧ್ಯಾಹ್ನ ನಂಗೆ ನಿದ್ದೆ" ಎಂದು ಜಾರಿಕೊಂಡ. ಹನ್ನೆರಡನೆಯ ದಿನ ಕಂಟ್ರೋಲ್ ರೂಮಿನ ಫೋನ್ ಬಂದಾಗ ಅವಳು ಎದೆಯುಬ್ಬಿಸಿ, "ಕಡಿಮೆ ಮಾಡಲ್ಲ ಸಾರ್, ಇಲ್ಲಿ ಬಳಸೋರಿದಾರೆ!" ಎಂದಳು.

ನಿಜವಾದ ಪರೀಕ್ಷೆ ಬಂದದ್ದು ಆ ವರ್ಷದ ಅತಿ ಬಿಸಿಯಾದ ದಿನ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸಂಜೆ ಆರೂವರೆಗೆ ಲೋಡು ನೂರಕ್ಕೆ ಎಂಬತ್ತೆಂಟು. ಏಳಕ್ಕೆ ತೊಂಬತ್ತೆರಡು. ತೊಂಬತ್ತೈದು ದಾಟಿದರೆ ಒಂದು ಬಡಾವಣೆ ಕತ್ತಲಾಗಲೇಬೇಕು. ಅವಳು ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದಳು. ಅಷ್ಟರಲ್ಲಿ ಭಾವನ ಫೋನ್.

"ಐಸಿಗೆ ಗಾಡಿಗಳು ಸಾಲುಗಟ್ಟಿವೆ ಕಣಮ್ಮ, ಕಂಪ್ರೆಸರ್ ಹಾಕಿಬಿಡ್ಲಾ?"

"ಮುಟ್ಬೇಡಿ ಭಾವ! ನಿಮ್ಮ ದಮ್ಮಯ್ಯ, ಒಂದೇ ಒಂದು ಗಂಟೆ! ತೊಟ್ಟಿ ಎಷ್ಟಿದೆ?"

"ಹತ್ತು ಕೆಳಗೆ."

"ಮತ್ತಿನ್ನೇನು? ಗಡ್ಡೆ ಗಟ್ಟಿಯಾಗಿದೆ, ಎತ್ತಿ ಕೊಡಿ!"

ತೊಂಬತ್ಮೂರು. ತೊಂಬತ್ನಾಲ್ಕು. ಮೀಟರಿನ ಮುಳ್ಳು ಅಲ್ಲೇ ನಡುಗುತ್ತ ನಿಂತಿತು. ಅವಳಿಗೆ ರೆಪ್ಪೆ ಮಿಟುಕಿಸಲೂ ಭಯ. ಏಳೂಮುಕ್ಕಾಲಿಗೆ ತೊಂಬತ್ಮೂರಕ್ಕೆ ಬಂತು, ಎಂಟಕ್ಕೆ ತೊಂಬತ್ತು. ಒಂದು ಬೀದಿಯ ದೀಪವೂ ಆರಲಿಲ್ಲ! ಅವಳು ಹೊರಗೋಡಿ ಮಹಡಿ ಮೆಟ್ಟಿಲು ಹತ್ತಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಊರೆಲ್ಲ ದೀಪ. ಅವಳಿಗೆ ನಗು ಬಂತು.

ಅದೇ ವಾರ ಇನ್ನೊಂದು ಸಂಜೆ ಇಪ್ಪತ್ತು ನಿಮಿಷ ಕರೆಂಟು ತೆಗೆಯಬೇಕಾಯಿತು, ಸುಳ್ಳು ಹೇಳಬಾರದು. ಆದರೆ ಹಿಂದಿನ ಬೇಸಿಗೆಯ ಅದೇ ವಾರ ಏಳು ಸಂಜೆಯೂ ತೆಗೆದಿದ್ದಳು. ಸಾಹೇಬರು ಈ ಲೆಕ್ಕವನ್ನು ಮೇಲಿನವರಿಗೆ ಕಳಿಸಿದರು. ಅಕ್ಕಪಕ್ಕದ ನಾಲ್ಕು ಸಬ್‌ಸ್ಟೇಷನ್ನುಗಳಿಂದ, ನಮಗೂ ಹೇಳಿಕೊಡಿ ಎಂದು ಕರೆ ಬಂತು. ಸೋಮವಾರ ಅವಳಿಗೆ ರಜೆ. "ಇವತ್ತಾದ್ರೂ ಮನೇಲಿ ಕೂತ್ಕೊಳ್ಳೇ" ಎಂದು ಅಕ್ಕ ಕೂಗುತ್ತಿದ್ದಂತೆ ಸ್ಕೂಟರ್ ಏರಿ ಮೊದಲನೆಯ ಸಬ್‌ಸ್ಟೇಷನ್ನಿನ ಕಡೆ ಹೊರಟೇಬಿಟ್ಟಳು.