ಎಚ್ ಗುರುತಿನ ಮನೆ

ಸೀಡರ್ ಗ್ಯಾಪ್‌ನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಪಾದ್ರಿಗೆ ಹೇಳಿಕಳಿಸುತ್ತಾರೆ, ಆಮೇಲೆ ಅಂಡೀನ್ ಇಯರ್‌ವುಡ್ ಅವರಿಗೆ. ಪಾದ್ರಿಯ ಕೆಲಸ ವಾರದಲ್ಲಿ ಮುಗಿಯುತ್ತದೆ. ಅಂಡೀನ್ ಅವರದು ವರ್ಷ ಹಿಡಿದರೂ ಹಿಡಿಯಬಹುದು.

ಬ್ರಿಡ್ಜ್‌ಟೌನಿನ ವಕೀಲರೊಬ್ಬರ ಕಚೇರಿಯಲ್ಲಿ ಅವರು ಮೂವತ್ತೆಂಟು ವರ್ಷ ಗುಮಾಸ್ತೆಯಾಗಿದ್ದವರು. ಸತ್ತವರ ಉಯಿಲನ್ನು ಕೋರ್ಟಿನಲ್ಲಿ ಸಾಬೀತು ಮಾಡಿಸಿ ಪ್ರೊಬೇಟ್ ತರಿಸುವುದಕ್ಕೆ ಬೇಕಾದ ಕಾಗದಗಳನ್ನೆಲ್ಲ ಟೈಪು ಮಾಡಿದ್ದು ಅವರು. ಸಹಿ ಮತ್ತು ಫೀಜು ವಕೀಲರದು. ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ, ಎಪ್ಪತ್ತನಾಲ್ಕರ ಈ ವಯಸ್ಸಿನಲ್ಲೂ, ಜಗಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಾರೆ. ಜನ ಬಿಸ್ಕತ್ತಿನ ಡಬ್ಬಿ ಹಿಡಿದು ಬರುತ್ತಾರೆ. ಬಾರ್ಬಡೋಸಿನ ಹಳ್ಳಿಗಳಲ್ಲಿ ಉಯಿಲು ಇರುವುದು ಅಂಥ ಡಬ್ಬಿಗಳಲ್ಲೇ. ಅಂಡೀನ್ ಫೀಜು ತೆಗೆದುಕೊಳ್ಳುವುದಿಲ್ಲ. ಕೊಬ್ಬರಿ ಬ್ರೆಡ್ ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

ಎಲ್ಮೀನಾ ಗಿಟೆನ್ಸ್ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಮೂರನೆಯ ವಾರ, ಮೇವ್ರೀನ್ ಬ್ಲ್ಯಾಕೆಟ್ ಅಂಥದ್ದೊಂದು ಡಬ್ಬಿ ಹಿಡಿದು ಬಂದಳು. ಮೇವ್ರೀನ್ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಹದಿನೇಳು ವರ್ಷದ ಹಿಂದೆ ಎಲ್ಮೀನಾ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಳು. ಮೂರೇ ವರ್ಷಕ್ಕೆ ಮುದುಕಿ ಬಾಡಿಗೆ ಬೇಡವೆಂದಳು, ಆಮೇಲೆ ಮೇವ್ರೀನಳೇ ಅಡುಗೆ ಮಾಡತೊಡಗಿದಳು, ಕೊನೆಗೆ ಮುದುಕಿಯನ್ನು ಎತ್ತಿ ಕೂರಿಸುವವಳೂ ಅವಳೇ ಆದಳು.

"ಮಿಸ್ ಅಂಡೀನ್, ಮನೆ ನನ್ ಹೆಸರಿಗೆ ಬರ್ದಿದ್ದಾರಂತೆ. ಉಯಿಲು ನಡೆಸೋಳೂ ನಾನೇ ಅಂತೆ. ನಂಗೆ ಓದಕ್ಕೇ ಧೈರ್ಯ ಬರ್ಲಿಲ್ಲ."

ಅಂಡೀನ್ ಕನ್ನಡಕ ಏರಿಸಿ ಡಬ್ಬಿಯೊಳಗೆ ಬಗ್ಗಿ ನೋಡಿದರು. "ಆ ಕ್ಲಿಪ್ಪು ಯಾರು ಹಾಕಿದ್ದು?"

"ಅವ್ರೇ ಹಾಕಿದ್ದು. ತೆಗೀಲಾ?"

"ಕೈ ಹಿಂದಕ್ಕೆ ತಗೋ. ಕ್ಲಿಪ್ಪು ತೆಗೆದ್ರೆ ಗುರುತು ಉಳಿಯುತ್ತೆ. ಇದ್ರ ಜೊತೆ ಇನ್ನೊಂದು ಕಾಗದ ಇತ್ತಾ, ಅದೆಲ್ಲಿ ಹೋಯ್ತು ಅಂತ ಕೋರ್ಟು ಕೇಳುತ್ತೆ. ಅದಕ್ಕೊಂದು ಪ್ರಮಾಣಪತ್ರ, ಅದಕ್ಕೊಂದು ಸ್ಟ್ಯಾಂಪು. ಈ ಕ್ಲಿಪ್ಪಿನ ಬೆಲೆ ಒಂದು ಸೆಂಟು ಅನ್ಕೊಂಡಿದೀಯಾ?"

ಮೇವ್ರೀನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅಂಡೀನ್ ನಕ್ಕರು. "ಕೂತ್ಕೊಳೇ. ಉಸಿರಾಡ್ಬೋದು."

ಉಯಿಲು ಹದಿಮೂರು ವರ್ಷ ಹಿಂದಿನದು, ಸಹಿ ಮತ್ತು ಇಬ್ಬರು ಸಾಕ್ಷಿಗಳು ಎಲ್ಲ ಕ್ರಮವಾಗಿತ್ತು. 'ಡೆವನ್‌ನಲ್ಲಿರುವ ನನ್ನ ಮನೆ ಮೇವ್ರೀನ್ ಬ್ಲ್ಯಾಕೆಟ್‌ಗೆ. ಉಳಿದದ್ದೆಲ್ಲ ಟೊರಾಂಟೋದ ಅಣ್ಣನ ಮಕ್ಕಳಿಗೆ.' ಅಂಡೀನ್ ಮೊದಲನೆಯ ವಾಕ್ಯವನ್ನು ಎರಡು ಸಲ ಓದಿದರು.

ಡೆವನ್ ಎಂಬುದು ಆರು ಮೈಲಿ ದೂರದ ಕಬ್ಬಿನ ತೋಟ. ಎಲ್ಮೀನಾಳ ಮನೆ ಇರುವುದು ಸೀಡರ್ ಗ್ಯಾಪ್‌ನಲ್ಲಿ, ಐವತ್ತು ವರ್ಷದಿಂದ. ಇಲ್ಲಿಯ ಹಲಗೆ ಮನೆಗಳನ್ನು ಬಾಡಿಗೆ ಜಾಗದಲ್ಲಿ, ಕಲ್ಲುಗಳ ಮೇಲೆ ಸುಮ್ಮನೆ ಕೂರಿಸಿರುತ್ತಾರೆ. ಜಾಗದವನು ಎಬ್ಬಿಸಿದರೆ ಮನೆಯನ್ನು ಹಲಗೆ ಹಲಗೆಯಾಗಿ ಕಳಚಿ, ಲಾರಿಗೆ ಹೇರಿ, ಇನ್ನೊಂದು ಊರಲ್ಲಿ ಅದೇ ದಿನ ಸಂಜೆಗೆ ಜೋಡಿಸಿಬಿಡುತ್ತಾರೆ. ಆದರೆ ಮನೆಯ ಹೆಸರು ಹಳೆಯ ಜಾಗದ್ದೇ. ಡೆವನ್ ಮನೆ ಎಂದರೆ ಸೀಡರ್ ಗ್ಯಾಪ್‌ನ ಕೋಳಿಗಳಿಗೂ ಗೊತ್ತು. ಉಯಿಲು ಬರೆಸುವಾಗಲೂ ಎಲ್ಮೀನಾಳ ಬಾಯಿಗೆ ಬಂದದ್ದು ಆ ಹೆಸರೇ.

ಪಟ್ಟಣದ ವಕೀಲರೊಬ್ಬರು ಮೇವ್ರೀನಳಿಗೆ ಆರು ಸಾವಿರ ಡಾಲರ್ ಆಗುತ್ತದೆ ಎಂದಿದ್ದರು. ಮನೆಯ ಬೆಲೆಯೇ ಹದಿನಾಲ್ಕು ಸಾವಿರ. ಅದನ್ನು ಮಾರಿಯೇ ಆ ಫೀಜು ಕಟ್ಟಬೇಕು. ಇನ್ನೊಂದು ದಾರಿಯಿತ್ತು. ಸತ್ತವರಿಗೆ ಭೂಮಿ ಇಲ್ಲದೆ, ಆಸ್ತಿ ಸಣ್ಣದಾಗಿದ್ದರೆ ವಕೀಲರಿಲ್ಲದೆ ನೇರವಾಗಿ ನೋಂದಣಿ ಕಚೇರಿಗೆ ಅರ್ಜಿ ಕೊಡಬಹುದು. ಕೋರ್ಟಿನ ಶುಲ್ಕ, ಪತ್ರಿಕೆಯ ಪ್ರಕಟಣೆ, ಸ್ಟ್ಯಾಂಪು, ಬಸ್ಸಿನ ಚಾರ್ಜು ಸೇರಿ ನಾನೂರರೊಳಗೆ ಮುಗಿಯುತ್ತದೆ.

ಅಂಡೀನ್ ಆ ದಾರಿ ಹಿಡಿದರು. ಮರಣಪತ್ರ, ಮೂಲ ಉಯಿಲು, ಸಾಕ್ಷಿಯ ಹೇಳಿಕೆ, ಮಂಚದಿಂದ ಹಿಡಿದು ಮುರಿದ ರೇಡಿಯೋವರೆಗೆ ಬೆಲೆ ಕಟ್ಟಿದ ಪಟ್ಟಿ, ಎಲ್ಲ ಸೇರಿಸಿ ಕೊಟ್ಟರು. ಪ್ರಕಟಣೆ ಅಚ್ಚಾಯಿತು. ಯಾರೂ ತಕರಾರು ತೆಗೆಯಲಿಲ್ಲ. ಐದನೆಯ ವಾರ ಕಚೇರಿಯಿಂದ ಪತ್ರ ಬಂತು. ಅದರಲ್ಲಿದ್ದುದು ಎರಡೇ ಪ್ರಶ್ನೆ. ಉಯಿಲಿನಲ್ಲಿ ಹೇಳಿದ ಡೆವನ್‌ನ ಮನೆಯೂ ಪಟ್ಟಿಯಲ್ಲಿರುವ ಸೀಡರ್ ಗ್ಯಾಪ್‌ನ ಮನೆಯೂ ಒಂದೇ ಎಂಬುದಕ್ಕೆ ಪುರಾವೆ ಏನು? ಅದು ನೆಲಕ್ಕೆ ಕಟ್ಟಿದ ಮನೆಯೋ, ಎತ್ತಿ ಒಯ್ಯಬಹುದಾದದ್ದೋ?

ಪತ್ರ ಓದುವಾಗ ಮೇವ್ರೀನಳ ಜೊತೆ ಅವಳ ಪಕ್ಕದ ಮನೆಯ ಸೀಬರ್ಟ್ ಜಗಲಿಯಲ್ಲೇ ಕೂತು ಮಾಬಿ ಪಾನಕ ಕುಡಿಯುತ್ತಿದ್ದ. ನಲವತ್ತು ವರ್ಷ ಲಂಡನ್ನಿನಲ್ಲಿ ಬಸ್ಸು ಓಡಿಸಿ ವಾಪಸು ಬಂದವನು.

"ಇದಕ್ಕೆ ತಲೆ ಯಾಕೆ ಕೆಡಿಸ್ಕೋತೀರಾ ಮಿಸ್ ಅಂಡೀನ್? ಲಾರಿ ನಾನು ತರಿಸ್ತೀನಿ. ಮನೇನ ಕಳಚಿ ತಗೊಂಡ್ಹೋಗಿ ಕಚೇರಿ ಮುಂದೇನೇ ನಿಲ್ಸಿಬಿಡೋಣ. ಎತ್ತಿ ಒಯ್ಯಬೋದಾ ಅಂತ ಅವ್ರೇ ನೋಡ್ಲಿ."

"ಒಂದು ಹಲಗೆ ಅಲ್ಲಾಡ್ಸಿದ್ರೂ ನಿನ್ನೇ ಹಿಡ್ಕೋತಾರೆ ಸೀಬರ್ಟ್. ಪ್ರೊಬೇಟ್ ಬರೋಕೆ ಮುಂಚೆ ಸತ್ತೋರ ಆಸ್ತೀಲಿ ಕೈಯಾಡಿಸ್ದೋರು ಅವ್ರ ಸಾಲಕ್ಕೂ ಹೊಣೆ."

"ಎಲ್ಮೀನಾದು ಸಾಲ ಇತ್ತಾ?"

"ಡಾಮಿನೋದಲ್ಲಿ ನಿನ್ ಹತ್ರ ಸೋತಿದ್ದು ಬಿಟ್ರೆ ಇಲ್ಲ."

"ಹಂಗಾದ್ರೆ ಆ ಸಾಲಕ್ಕೆ ನಾನೇ ಹೊಣೆ, ನನ್ ಹತ್ರಾನೇ ವಸೂಲಿ ಮಾಡ್ತೀನಿ."

ಮೇವ್ರೀನ್ ನಗಲಿಲ್ಲ. "ಒಂದೇ ಮನೆ ಅಂತ ಊರಿಗೆಲ್ಲ ಗೊತ್ತಲ್ಲಾ?"

"ಗೊತ್ತಿರೋದು ಬೇರೆ, ಕಂಡಿರೋದು ಬೇರೆ ಕಣೇ. ಮನೆ ಸಾಗಿಸಿದ್ದನ್ನ ಕಂಡೋರು ಯಾರಿದ್ದಾರೆ ಹೇಳು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ್ಲೇ ಅದಿಲ್ಲಿತ್ತು. ಇವ್ನು ಲಂಡನ್ನಲ್ಲಿದ್ದ. ಉಳಿದೋರು ಚರ್ಚ್ ಹಿಂದುಗಡೆ ಮಲಗಿದ್ದಾರೆ."

"ಆಗ್ಲಿಲ್ಲ ಅಂದ್ರೆ?"

ಅಂಡೀನ್ ಸುತ್ತಿಬಳಸಿ ಹೇಳುವವರಲ್ಲ. "ಆಗ್ಲಿಲ್ಲ ಅಂದ್ರೆ ಮನೆ 'ಉಳಿದದ್ದೆಲ್ಲ' ಅನ್ನೋದ್ರಲ್ಲಿ ಸೇರ್ಕೊಂಡು ಟೊರಾಂಟೋಗೆ ಹೋಗುತ್ತೆ. ಅವ್ರು ಮಾರ್ತಾರೆ. ಒಳ್ಳೆ ಹುಡುಗ್ರೇ, ಆದ್ರೆ ಅಲ್ಲಿಂದ ಇಲ್ಲಿಗೆ ಬಂದು ಹಲಗೆಗೆ ಬಣ್ಣ ಹೊಡೀತಾ ಕೂರಲ್ಲ."

ಮೇವ್ರೀನ್ ಲೋಟ ಕೆಳಗಿಟ್ಟಳು. ಸೆಪ್ಟೆಂಬರಿಗೆ ಶಾಲೆ ತೆರೆಯುತ್ತದೆ, ಮುಂದಿನ ಕೋಣೆಯಲ್ಲಿ ಅರವತ್ತೆರಡು ಲಂಗ ಅರ್ಧ ಹೊಲಿದು ಬಿದ್ದಿದ್ದವು.

ಎರಡನೆಯ ಪ್ರಶ್ನೆ ಸುಲಭದ್ದು, ಅದನ್ನೇ ಮೊದಲು ಮುಗಿಸೋಣವೆಂದು ಅಂಡೀನ್ ಮರುದಿನ ಬೆಳಿಗ್ಗೆ ಅಳತೆ ಟೇಪು, ಟಾರ್ಚು, ಪೆನ್ಸಿಲು ಹಿಡಿದು ಡೆವನ್ ಮನೆಗೆ ಬಂದರು. ಮಧ್ಯದಲ್ಲಿ ಬಾಗಿಲು, ಆಚೀಚೆ ಎರಡು ಕಿಟಕಿ, ಹಳದಿ ಬಣ್ಣ. ಸುತ್ತಲಿನ ಕಲ್ಲುಗಳಲ್ಲಿ ಎಲ್ಲಿಯೂ ಸಿಮೆಂಟಿಲ್ಲ ಎಂದು ಬರೆದುಕೊಂಡರು. ಆದರೆ ನಡುವಿನ ಕಲ್ಲುಗಳು ಹೊರಗಿನಿಂದ ಕಾಣುತ್ತಿರಲಿಲ್ಲ. ಕಾಣದ್ದನ್ನು ಅಂಡೀನ್ ಬರೆಯುವವರಲ್ಲ.

"ಒಂದು ಚಾಪೆ ಕೊಡು."

"ಮಿಸ್ ಅಂಡೀನ್, ಅಲ್ಲಿ ಕೋಳಿ ಕಾವಿಗೆ ಕೂತಿದೆ."

"ಅದಕ್ಕೆ ನಾನೇನು ತೊಂದ್ರೆ ಕೊಡಲ್ಲ ಅಂತ ಹೇಳು."

ಎಪ್ಪತ್ತನಾಲ್ಕರ ಹೆಂಗಸು ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲೆತ್ತರದ ಆ ಸಂದಿಯೊಳಗೆ ಇಂಚಿಂಚಾಗಿ ಜರುಗಿದರು. ಹೊರಗೆ ಕಾಣುತ್ತಿದ್ದುದು ಕಂದು ಬಣ್ಣದ ಎರಡು ಬೂಟು ಮಾತ್ರ. ಸೀಬರ್ಟ್ ಬೇಲಿಯಾಚೆಯಿಂದ, "ಬೂಟಿಗೆ ಪ್ರೊಬೇಟ್ ಬೇಕಾದ್ರೆ ಈಗ್ಲೇ ಹೇಳಿ" ಎಂದ. ಜರುಗುತ್ತಿದ್ದ ಬೂಟುಗಳು ಒಮ್ಮೆಲೇ ನಿಂತವು.

"ಮಿಸ್ ಅಂಡೀನ್?" ಮೇವ್ರೀನ್ ಬಗ್ಗಿದಳು. "ಏನಾಯ್ತು?"

"ಸುಮ್ನಿರು. ಓದ್ತಾ ಇದೀನಿ."

ಮನೆಯ ಗೋಡೆಗೆ ಎಷ್ಟು ಸಲ ಬಣ್ಣ ಹೊಡೆದರೂ ನೆಲದ ಹಲಗೆಯ ಅಡಿಭಾಗಕ್ಕೆ ಯಾರೂ ಹೊಡೆಯುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ, ಅಂಡೀನ್ ಅವರ ಮೂಗಿನಿಂದ ಒಂದಡಿ ಮೇಲೆ, ಕಪ್ಪು ಬಣ್ಣದಲ್ಲಿ ಎಚ್ 65 ಎಂದಿತ್ತು. ಅದರ ಪಕ್ಕದಲ್ಲಿ ಎಚ್ 66. ಆ ಅರವತ್ತಾರರ ಕೆಳಗೆ ಒಂದು ಗೆರೆ.

ಆ ಗೆರೆ ಅವರದೇ.

ಐವತ್ತು ವರ್ಷದ ಹಿಂದೆ ಡೆವನ್ ತೋಟದವರು ಒಂದು ಸಾಲನ್ನೇ ತೆರವು ಮಾಡಿಸಿದರು. ಒಂಬತ್ತು ಮನೆಗಳನ್ನು ಕಳಚುವ ಗುತ್ತಿಗೆ ಹಿಡಿದವನು ಒಥ್ನೀಲ್ ಇಯರ್‌ವುಡ್ ಎಂಬ ಬಡಗಿ. ಹಲಗೆಗಳಿಗೆ ನಂಬರು ಹಾಕದಿದ್ದರೆ ಮತ್ತೆ ಜೋಡಿಸಲಾಗದು. ಒಥ್ನೀಲ್‌ನ ಅಕ್ಷರ ಕೋಳಿ ಕೆದಕಿದ ಹಾಗೆ. ಹಾಗಾಗಿ ಇಪ್ಪತ್ತನಾಲ್ಕು ವರ್ಷದ ಗುಮಾಸ್ತೆಯೊಬ್ಬಳು ಪ್ರತಿ ಶನಿವಾರ ಕುಂಚ ಹಿಡಿದು ಬರುತ್ತಿದ್ದಳು. 66 ತಲೆಕೆಳಗಾದರೆ 99 ಆಗುತ್ತದೆ, ಕೆಳಗೆ ಗೆರೆ ಎಳೆಯಬೇಕು ಎಂದು ಹೇಳಿದ್ದು ಅವಳೇ. ಒಂದು ಮನೆಯ ಹಲಗೆ ಇನ್ನೊಂದಕ್ಕೆ ಸೇರದ ಹಾಗೆ ಮನೆಗೊಂದು ಅಕ್ಷರ ಕೊಟ್ಟದ್ದೂ ಅವಳೇ. 'ಎ'ಯಿಂದ 'ಐ' ವರೆಗೆ, ಒಂಬತ್ತು ಅಕ್ಷರ. ಯಾರ ಮನೆ ಯಾವ ಊರಿಗೆ ಹೋಯಿತೋ ಅವಳು ನೋಡಲಿಲ್ಲ. ಮನೆಯವರ ಮುಖವನ್ನೂ ನೋಡಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡ ಹೆಸರುಗಳೂ ಆಮೇಲೆ ಮರೆತುಹೋದವು. ಅವಳು ನೋಡಿದ್ದು ಹಲಗೆಗಳನ್ನು, ಮತ್ತು ಬಡಗಿಯನ್ನು.

ಮಧ್ಯಾಹ್ನದೊಳಗೆ ಅಂಡೀನ್ ನೆಲದ ಇಪ್ಪತ್ತೆರಡು ಹಲಗೆಗಳನ್ನೂ ಪರೀಕ್ಷಿಸಿದರು. ಹತ್ತೊಂಬತ್ತರ ಮೇಲೆ ಗುರುತಿತ್ತು. ಮೂರು ಹೊಸವು, ಗೆದ್ದಲು ತಿಂದು ಬದಲಾಯಿಸಿದ್ದು ಎಂದು ಮೇವ್ರೀನ್ ಹೇಳಿದಳು. ಒಂದು ಕಲ್ಲಿಗೂ ಸಿಮೆಂಟಿರಲಿಲ್ಲ. ಕೋಳಿ ಕೂತ ಜಾಗದಿಂದ ಏಳಲಿಲ್ಲ.

ಆಮೇಲೆ ಅವರು ಮನೆಗೆ ಹೋಗಿ ಬೀರುವಿನ ಮೇಲಿಂದ ತಮ್ಮದೇ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಮದುವೆಯ ಪತ್ರದ ಕೆಳಗೆ ನೀಲಿ ರಟ್ಟಿನ ಪುಸ್ತಕವಿತ್ತು. ಎಂಟನೆಯ ಪುಟದಲ್ಲಿ ಅವರದೇ ದುಂಡು ಅಕ್ಷರ: 'ಎಚ್. ಇ. ಗಿಟೆನ್ಸ್. ಡೆವನ್. ಹಲಗೆ 148, ಅದರಲ್ಲಿ ನೆಲಕ್ಕೆ 22, ಐವತ್ತೊಂದರಿಂದ ಎಪ್ಪತ್ತೆರಡು.' ತಾರೀಖು, ಲಾರಿಯ ನಂಬರು.

ಒಂಬತ್ತು ಮನೆ ಮುಗಿದ ಮೇಲಿನ ಪುಟ ಖಾಲಿಯಿಲ್ಲ. ಅಲ್ಲಿ ಕೋಳಿ ಕೆದಕಿದ ಅಕ್ಷರದಲ್ಲಿ, 'ಜೆ. ಇದು ನಮ್ಮಿಬ್ಬರದು. ಹಲಗೆ ಎಷ್ಟು ಬೇಕು ನೀನೇ ಹೇಳು' ಎಂದಿತ್ತು. ಒಥ್ನೀಲ್ ಹೋಗಿ ಹನ್ನೊಂದು ವರ್ಷ. ಅಂಡೀನ್ ಎಂಟನೆಯ ಪುಟಕ್ಕೆ ಗುರುತಿಗೆಂದು ಕಾಗದದ ಚೂರೊಂದನ್ನಿಟ್ಟು, ಜಗಲಿಗೆ ಬಂದು ಟೈಪ್‌ರೈಟರಿಗೆ ಕಾಗದ ತೂರಿಸಿದರು.

'ನಾನು' ಎಂದು ಹೊಡೆದು ನಿಲ್ಲಿಸಿದರು. ಆ ಪದದ ಮುಂದೆ ಸಾವಿರಾರು ಜನರ ಹೆಸರು ಟೈಪು ಮಾಡಿದ್ದರು. ತಮ್ಮ ಹೆಸರು ಇದೇ ಮೊದಲು.

ಪಟ್ಟಣದ ಕಚೇರಿಯಲ್ಲಿ ಪ್ರಮಾಣ ಮಾಡಿಸಿಕೊಳ್ಳುವ ಹುಡುಗಿ ಕಾಗದವನ್ನೂ ನೀಲಿ ಪುಸ್ತಕವನ್ನೂ ಹಲಗೆಯ ಫೋಟೋಗಳನ್ನೂ ತಿರುವಿ ನೋಡಿದಳು.

"ಮಿಸೆಸ್ ಇಯರ್‌ವುಡ್, ಮೂವತ್ತೆಂಟು ವರ್ಷ ಟೈಪು ಮಾಡಿದೋರು ಉದ್ಯೋಗದ ಜಾಗ ಖಾಲಿ ಬಿಟ್ಟಿದ್ದೀರಲ್ಲ. ಏನಂತ ಹಾಕ್ಲಿ? ನಿವೃತ್ತ ಗುಮಾಸ್ತೆ?"

"ಈ ಕಾಗದದ ಮಟ್ಟಿಗೆ ಅದು ಸರಿಯಲ್ಲಮ್ಮ. ಹಲಗೆಗೆ ನಂಬರ್ ಹಾಕೋಳು ಅಂತ ಹಾಕು."

ಹುಡುಗಿ ನಗುತ್ತ ಹಾಗೇ ಬರೆದಳು. ಆಮೇಲೆ 'ಜೆ' ಎಂದಿದ್ದ ಹತ್ತನೆಯ ಪುಟ ಕಣ್ಣಿಗೆ ಬಿದ್ದಿರಬೇಕು. "ಇದನ್ನೂ ಪುರಾವೆಗೆ ಸೇರಿಸ್ಬೇಕಾ?"

"ಅದು ಬೇರೆ ಆಸ್ತಿ. ಅದಕ್ಕೆ ಪ್ರೊಬೇಟ್ ಆಗ್ಲೇ ಸಿಕ್ಕಿದೆ."

ಎರಡು ವಾರಕ್ಕೆ ಕೆಂಪು ಮುದ್ರೆಯ ಪ್ರೊಬೇಟ್ ಕಾಗದ ಬಂತು. ಅಂಡೀನ್ ಖರ್ಚಿನ ಚೀಟಿಗಳನ್ನು ಕೂಡಿಸಿದರು: ಮುನ್ನೂರ ಅರವತ್ತೊಂದು ಡಾಲರ್ ಐವತ್ತು ಸೆಂಟು. ಮೇವ್ರೀನ್ ಕೊಬ್ಬರಿ ಬ್ರೆಡ್ಡಿನ ಮೂರು ಅಚ್ಚು ತಂದಿದ್ದಳು, ಸೀಬರ್ಟ್ ಕೇಳದೆಯೇ ಒಂದನ್ನು ಮುರಿದುಕೊಂಡಿದ್ದ. ಅರವತ್ತೆರಡು ಲಂಗಗಳೂ ಶಾಲೆಗೆ ಹೋಗಿಯಾಗಿತ್ತು.

"ಇನ್ನು ಮುಗೀತಲ್ಲ ಮಿಸ್ ಅಂಡೀನ್?"

"ಎಲ್ಮೀನಾದು ಮುಗೀತು. ನಿಂದು ಶುರು. ನಿಂಗೂ ಒಂದು ಉಯಿಲು ಬೇಕು, ಕೂತ್ಕೋ. ಮನೆ ಯಾರಿಗೆ?"

"ನನ್ ತಂಗಿ ಮಗಳಿಗೆ." ಮೇವ್ರೀನ್ ಸ್ವಲ್ಪ ಯೋಚಿಸಿ, "ಡೆವನ್ ಮನೆ ಅಂತ..." ಎಂದು ಶುರುಮಾಡಿದವಳು ಅಂಡೀನ್ ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಸೀಬರ್ಟ್‌ಗೆ ಬ್ರೆಡ್ಡು ನೆತ್ತಿಗೇರಿತು.

ಅಂಡೀನ್ ಟೈಪು ಮಾಡತೊಡಗಿದರು. 'ನೆಲದ ಹಲಗೆಗಳಿಗೆ ಎಚ್ ಗುರುತಿರುವ ನನ್ನ ಮನೆ, ನಾನು ಸಾಯುವಾಗ ಅದು ಯಾವ ಊರಲ್ಲಿ ನಿಂತಿದ್ದರೂ ಸರಿ.'

"ಆ ಮೂರು ಹೊಸ ಹಲಗೆಗೂ ನಂಬರ್ ಹಾಕ್ಬೇಕು" ಎಂದರು. "ಕೋಳಿ ಮರಿ ಮಾಡಿ ಎದ್ದ ಮೇಲೆ ಹೇಳು. ಕುಂಚ ನಾನೇ ತರ್ತೀನಿ."