ಮೊದಲು ಜಾತಕ ತೋರಿಸಿ

ಪೆರಂಬೂರಿನ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಯಾವ ಯಂತ್ರದ ಮುಖವನ್ನೂ ನೋಡುತ್ತಿರಲಿಲ್ಲ. ಮಿಕ್ಸಿಯಾಗಲಿ ಇಸ್ತ್ರಿಪೆಟ್ಟಿಗೆಯಾಗಲಿ, ಕೂಸಿನಂತೆ ಬೋರಲು ಮಲಗಿಸಿ, ಕನ್ನಡಕವನ್ನು ಹಣೆಗೇರಿಸಿ, ಬೆನ್ನಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಓದುತ್ತಿದ್ದರು. ಆ ಚೀಟಿಗೆ ಅವರಿಟ್ಟ ಹೆಸರು ಜಾತಕ. "ಮೊದ್ಲು ಜಾತಕ ತೋರ್ಸಿ ಸಾರ್" ಎನ್ನದೆ ಕಿವಿಯ ಮೇಲಿನ ಟೆಸ್ಟರ್ ಕೆಳಗಿಳಿಯುತ್ತಿರಲಿಲ್ಲ. ಅವರ ಮನೆಮಾತು ಕನ್ನಡ; ಸಂಕಟ ಬಂದಾಗ ಮಾತ್ರ ತಮಿಳು.

ಒಮ್ಮೆ ಫ್ಯಾನ್ ನೋಡಲು ಬಂದಿದ್ದರು. ಮೂರು ವರ್ಷ ಜಪಾನಿನಲ್ಲಿದ್ದು ಆಗಷ್ಟೇ ಮರಳಿದ್ದ ನಾನು ಅವರಿಗೇ ಪಾಠ ಹೇಳಲು ಹೊರಟೆ. ಅಲ್ಲಿ ಪ್ಲಗ್ಗಿಗೆ ಎರಡೇ ಕಾಲು, ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲ, ಕರೆಂಟ್ ಹೋಗುವುದಂತೂ ಕೇಳಲೇಬೇಡಿ ಎಂದೆಲ್ಲ ಕೊರೆದೆ. ಅವರು ಟೆಸ್ಟರಿನಿಂದ ಬೆನ್ನು ತುರಿಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. ಅದೇ ಹುಮ್ಮಸ್ಸಿನಲ್ಲಿ, ಶುರುವಾದಾಗಲೂ ಅನ್ನವಾದಾಗಲೂ ಹಾಡುವ ನನ್ನ ಜಪಾನೀ ಕುಕ್ಕರನ್ನು, ಪ್ಲಗ್ಗಿನ ಕಾಲು ಹೊಂದಿಸುವ ಅಡಾಪ್ಟರಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಅದು ಒಂದೇ ಸ್ವರ ಹಾಡಿ ಹೊಗೆ ಬಿಟ್ಟಿತು.

"ಪೋಚ್ಚು! ಹೋಯ್ತು!" ಎಂದು ಅವರು ಪ್ಲಗ್ ಕಿತ್ತು, ಕುಕ್ಕರನ್ನು ಬೋರಲು ಹಾಕಿ ಓದಿದರು. "ನೂರು ವೋಲ್ಟಿನ ಹುಡುಗಿ. ನಮ್ಮೂರಿನ ಗಂಡು ಇನ್ನೂರ ಮೂವತ್ತು. ಕಾಲು ಕೂಡಿದ್ರೆ ಸಾಕಾ ಸಾರ್, ಜಾತಕ ಕೂಡ್ಬೇಡ್ವಾ?"

ವಾರ ಬಿಟ್ಟು ಕುಕ್ಕರನ್ನು ಸರಿಮಾಡಿ ತಂದರು. ಜೊತೆಗೆ ವೋಲ್ಟ್ ಇಳಿಸಲು ಅದಕ್ಕಿಂತ ಭಾರದ ಒಂದು ಟ್ರಾನ್ಸ್‌ಫಾರ್ಮರ್. ಈ ಸಲ ಅನ್ನ ಬೆಂದಿತು, ಹಾಡೂ ಪೂರ್ತಿ ಬಂತು. ಈ ಗುಂಡುಕಲ್ಲನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಕೇಳಿದೆ.

"ಇವ್ರು ಕಲ್ಯಾಣ ಬ್ರೋಕರ್ ಸಾರ್," ಎಂದರು. "ಇಂಥ ಮದ್ವೇಲಿ ಬ್ರೋಕರ್ ಕೊನೇವರ್ಗೂ ಮನೇಲೇ ಇರ್ಬೇಕು."